ಕಾಯ್ಲೋವರ್ ಕಾರಿನ ಎತ್ತರ ಎಡ-ಬಲ ಸಮ ಮಾಡಿದ್ದು

ಕಾಯ್ಲೋವರ್ ಅಂದರೆ ಥ್ರೆಡ್ ತಿರುಗಿಸಿ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಜೋಡಿ. ಕಾರಿನ ಮುಂದಿನ ಎಡಮೂಲೆ ಬಲಕ್ಕಿಂತ 12 ಮಿ.ಮೀ. ತಗ್ಗಿತ್ತು. ಕಲಬುರಗಿಯ ಶಹಾಬಾದ್ ಕಲ್ಲಿನ ಅಂಗಳ ಕಣ್ಣಿಗೆ ಸಪಾಟೇ; ಗೌಂಡಿಗಳ ನೀರಿನ ಲೆವೆಲ್ ಪೈಪ್ ಹಿಡಿದರೆ ಇಳಿಜಾರು ಬಯಲಾಗುತ್ತದೆ. ತಗ್ಗಿನ ಚಕ್ರದಡಿ ತಗಡು ಕೊಡಿ, ಟೈರ್ ಗಾಳಿ ಸರಿಯಿಡಿ, ಚಾಲಕನ ಸೀಟಿಗೆ ಅವನಷ್ಟೇ ತೂಕ ಹೇರಿ. ಅಳತೆ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ.

ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡ-ಬಲ ಬದಿಗಳನ್ನು ಜೋಡಿಸುವ ಕಂಬಿ) ಲಿಂಕ್ ಒಂದು ಬದಿ ಬಿಚ್ಚಲೇಬೇಕು. ಇಲ್ಲದಿದ್ದರೆ ಒಂದು ಕಡೆ ತಿರುಗಿಸಿದ್ದು ಇನ್ನೊಂದು ಕಡೆಯನ್ನೂ ಎಳೆಯುತ್ತದೆ. ಬಹಳಷ್ಟು ಗ್ಯಾರೇಜಿನವರು ಇದನ್ನೇ ಬಿಡುತ್ತಾರೆ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಥ್ರೆಡ್‌ಗೆ ಮೆತ್ತಿದ ಎರೆಮಣ್ಣನ್ನು ತಂತಿ ಬ್ರಶ್‌ನಿಂದ ಉಜ್ಜಿ, ಸ್ಪ್ರಿಂಗ್ ಸೀಟನ್ನು ಬಿಗಿಹಿಡಿಯುವ ಲಾಕ್ ರಿಂಗ್ ಸಡಿಲಿಸಿ. ಪಿಚ್ (ಥ್ರೆಡ್‌ನ ಎರಡು ಏಣುಗಳ ಅಂತರ) 2 ಮಿ.ಮೀ. ಇದ್ದರೆ ಒಂದು ಸುತ್ತು ತಿರುಗಿಸಿದಾಗ ಸೀಟು 2 ಮಿ.ಮೀ. ಸರಿಯುತ್ತದೆ. ಎಡಬದಿಯ ಸೀಟು 3 ಸುತ್ತು ಮೇಲೆ, ಬಲಬದಿಯದು 3 ಸುತ್ತು ಕೆಳಗೆ.

ಇಳಿಸಿದ ಕೂಡಲೇ ಅಳೆಯಬೇಡಿ: ಟೈರ್ ನೆಲ ಕಚ್ಚಿ ಸ್ಪ್ರಿಂಗ್ ಕೂರುವುದಿಲ್ಲ. ಹಿಂದೆ-ಮುಂದೆ ತಳ್ಳಿ, ಬಾನೆಟ್ ಒತ್ತಿ ಬಿಡಿ. ಹಿಂದಿನ ಮೂಲೆಗಳನ್ನೂ ಅಳೆಯಿರಿ. ಲಿಂಕ್ ಕಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಕೂಡ ಬದಲಾಗುತ್ತದೆ.