ಬೇಸ್ ನಡುವೆ ಮಾತು ಕೇಳಿಸಬೇಕೇ? ಮೊದಲು ಜಾಗ ಬಿಡಿಸಿ

ಗಣೇಶ ವಿಸರ್ಜನೆಯ ದಿನ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಿಂತರೆ, ಡಿಜೆ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅಂಗಡಿಗಳ ಶಟರ್‌ಗಳು ಗಡಗಡ ಎನ್ನತೊಡಗುತ್ತವೆ. ಬೇಸ್ ಬಂದು ಎದೆಗೆ ಗುದ್ದುತ್ತದೆ. ಅದರ ಮೇಲೆ ಯಾವುದೋ ಧ್ವನಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದೆ ಎಂಬುದು ಗೊತ್ತಾಗುತ್ತದೆ. ಏನು ಹೇಳುತ್ತಿದೆ ಎಂಬುದು ಮಾತ್ರ ಗಾಡಿ ಮುಂದೆ ಹೋದರೂ ತಿಳಿಯುವುದಿಲ್ಲ.

ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ರೀಮಿಕ್ಸ್ ಮಾಡುವ ನಮ್ಮ ಭಾಗದ ಹುಡುಗರು ಇದಕ್ಕೆ ಕಂಡುಕೊಂಡ ಮದ್ದು ಒಂದೇ: ಧ್ವನಿಯ ಫೇಡರ್, ಅಂದರೆ ಸದ್ದು ಏರಿಳಿಸುವ ಪಟ್ಟಿ, ಮೇಲೆತ್ತುವುದು. ಧ್ವನಿ ಏರಿದ ಮೇಲೆ ಬೇಸ್ ಸಪ್ಪೆ ಎನಿಸುತ್ತದೆ, ಅದನ್ನೂ ಎತ್ತುತ್ತಾರೆ. ಕೊನೆಗೆ ಉಳಿಯುವುದು ಒಡೆದ ಸದ್ದು. ಧ್ವನಿ ಕೇಳಿಸಬೇಕಾದರೆ ಅದರ ಸುತ್ತಲಿನದನ್ನು ಇಳಿಸಬೇಕು, ಧ್ವನಿಯಲ್ಲೂ ಬೇಡದ್ದನ್ನು ಕತ್ತರಿಸಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ. ಆಡಾಸಿಟಿ, ಎಲ್‌ಎಂಎಂಎಸ್ ತಂತ್ರಾಂಶಗಳು ಉಚಿತ. ಲ್ಯಾಪ್‌ಟಾಪ್ ಇಲ್ಲದವರಿಗೆ ಮೊಬೈಲ್‌ನಲ್ಲಿ ಬ್ಯಾಂಡ್‌ಲ್ಯಾಬ್ ಇದೆ. ದುಬಾರಿ ತಂತ್ರಾಂಶ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ.

ಮಾತು ಆರಿಸುವುದು

ಒಂದು ತುಣುಕನ್ನು ಪದೇ ಪದೇ ನುಡಿಸುವುದು ಹಳೆಯ ಆಟ. ಪ್ಯಾರಿಸ್‌ನಲ್ಲಿ ಸಂಗೀತ ಸಂಯೋಜಕ ಪಿಯರ್ ಶೇಫರ್ 1948ರಲ್ಲಿಯೇ ಗ್ರಾಮೊಫೋನ್ ತಟ್ಟೆಯ ಗೆರೆಯನ್ನು ವೃತ್ತವಾಗಿ ಮುಚ್ಚಿ, ಒಂದೇ ಸದ್ದು ಸುತ್ತುತ್ತಿರುವಂತೆ ಮಾಡಿದ್ದರು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್ (ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ) ಯಂತ್ರದಲ್ಲಿ ಒಟ್ಟು ಹಿಡಿಸುತ್ತಿದ್ದುದೇ ಸುಮಾರು 10 ಸೆಕೆಂಡುಗಳ ಸದ್ದು. ಅಷ್ಟರಲ್ಲಿ ಇಡೀ ಹಾಡು ಹಿಡಿಸುವ ಮಾತೇ ಇರಲಿಲ್ಲ. ಚೂರು ಮಾಡಿಯೇ ಬಳಸಬೇಕಿತ್ತು. ಇಂದು ಜಾಗಕ್ಕೆ ಬರವಿಲ್ಲ, ಆದರೂ ಚೂರೇ ಚೆನ್ನ.

ಅದಕ್ಕೆ ಕಿವಿಯಲ್ಲೇ ಒಂದು ಕಾರಣವಿದೆ. ಮನೋವಿಜ್ಞಾನಿ ಡಯಾನಾ ಡಾಯ್ಚ್ 1995ರಲ್ಲಿ ಗಮನಿಸಿದ ಸಂಗತಿ ಇದು: ಸಾಮಾನ್ಯವಾಗಿ ಆಡಿದ ಒಂದು ಮಾತನ್ನು ಬದಲಾವಣೆಯಿಲ್ಲದೆ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಸುತ್ತಿಸಿ, ಕೇಳಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಅದು ಹಾಡಿದಂತೆ ಕೇಳತೊಡಗುತ್ತದೆ. ಹಾಗಾಗಿ ಗಾಯಕರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವವರ ಗಂಟಲೇ ಸಾಕು. ಅಲ್ಲಿ ಲೂಪ್ ಸಿದ್ಧವಾಗಿಯೇ ಸಿಗುತ್ತದೆ: ಸೇಡಂ ಸೇಡಂ ಸೇಡಂ, ಆಳಂದ ಆಳಂದ.

ಈ ಕೂಗುಗಳಲ್ಲಿ ಯಾವುದು ಬೇಸ್ ಮೇಲೆ ನಿಲ್ಲುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ‘ಆಳಂದ’ ಅಗಲವಾದ ಸ್ವರದಿಂದ ತೆರೆದುಕೊಳ್ಳುತ್ತದೆ. ಇಂಪಾಗಿದೆ, ಆದರೆ ಮುಂದೆ ವ್ಯಂಜನದ ಪೆಟ್ಟಿಲ್ಲದ ಕಾರಣ ತಾಳಕ್ಕೆ ಮೆತ್ತಗೆ. ‘ಸೇಡಂ’ ಸಕಾರದ ಹಿಸ್ ಎಂಬ ಸದ್ದಿನಿಂದ ಹೊರಟು, ನಡುವೆ ಡಕಾರದ ಏಟು ಕೊಟ್ಟು, ಮೂಗಿನ ಗುಂಯ್‌ನಲ್ಲಿ ಮುಗಿಯುತ್ತದೆ. ಆ ಕೊನೆಯ ಗುಂಯ್ 250–300 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನದು. ಬೇಸ್‌ನ ಮೇಲ್ಭಾಗಕ್ಕೆ ಸರಿಯಾಗಿ ಅಂಟಿಕೊಳ್ಳುತ್ತದೆ. ‘ಚಿಂಚೋಳಿ’ಯಲ್ಲಿ ಎರಡು ಚಕಾರಗಳಿವೆ, ಎರಡೂ ಹಲಿಗೆಯ ಕಡ್ಡಿಪೆಟ್ಟಿನಂತೆ ಎದ್ದು ಕೇಳುತ್ತವೆ. ನನ್ನನ್ನು ಕೇಳಿದರೆ ಚಿಂಚೋಳಿಗೇ ಮೊದಲ ಮಣೆ. ‘ಅಫಜಲಪುರ’ ಬಸ್ಸಿಗೆ ಸರಿ, ಲೂಪ್‌ಗೆ ಉದ್ದ.

ಕೂಗಿದವರ ಒಪ್ಪಿಗೆ ಕೇಳಿಯೇ ಧ್ವನಿ ಬಳಸಿ. ಕೇಳಿದರೆ ಖುಷಿಯಿಂದ ಇನ್ನೂ ಜೋರಾಗಿ ಕೂಗಿಕೊಡುವವರೇ ಹೆಚ್ಚು. ಹಾಡುಗಳ ತುಣುಕು ಎತ್ತುವ ಮೊದಲು ನೆನಪಿಡಿ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣಕ್ಕೆ 60 ವರ್ಷಗಳ ರಕ್ಷಣೆಯಿದೆ. 12ನೇ ಶತಮಾನದ ವಚನದ ಸಾಲು ಎಲ್ಲರದು, ಅದನ್ನು ಹಾಡಿದ ಈಚಿನ ಮುದ್ರಣ ಎಲ್ಲರದಲ್ಲ. ಇನ್ನು ಆಜಾನ್, ಮಂತ್ರ, ಮೊಹರಂ ಪದಗಳನ್ನು ಕೊಚ್ಚಿ ಬೇಸ್‌ಗೆ ಕೂರಿಸುವ ಆಸೆ ಕೆಲವರಿಗೆ ಇರುತ್ತದೆ. ಶರಣಬಸವೇಶ್ವರರ ತೇರಿಗೂ ಬಂದೇ ನವಾಜರ ಉರುಸಿಗೂ ಒಂದೇ ಜನ ಸೇರುವ ಊರು ಇದು. ಆ ಆಸೆ ಬಿಡಿ.

ಮುದ್ರಣ: ಶಹಾಬಾದ್ ಕಲ್ಲು ಮತ್ತು ಕೌದಿ

ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಗೋಡೆ ಬರಿದು. ಬೇಸಿಗೆಗೆ ತಂಪು, ಮುದ್ರಣಕ್ಕೆ ಶತ್ರು. ನುಣುಪು ಕಲ್ಲಿಗೆ ಬಡಿದು ಮರಳಿದ ಧ್ವನಿ ಮೈಕಿಗೆ ಎರಡನೇ ಸಲ ಬೀಳುತ್ತದೆ. ಒಂದೇ ಸಲ ಕೇಳುವಾಗ ಆ ಪ್ರತಿಧ್ವನಿ ಗೊತ್ತಾಗುವುದಿಲ್ಲ. ಲೂಪ್ ಮಾಡಿ, ಕಂಪ್ರೆಸರ್ (ಜೋರು ಸದ್ದು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಸಾಧನ) ಹಾಕಿದ ಮೇಲೆ ಡಬ್ಬದೊಳಗಿಂದ ಕೂಗಿದಂತೆ ಕೇಳುತ್ತದೆ. ಅದನ್ನು ಆಮೇಲೆ ಪೂರ್ತಿ ತೆಗೆಯಲು ಆಗುವುದಿಲ್ಲ.

ಅಜ್ಜಿ ಹೊಲಿದ ಕೌದಿಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಎರಡು ಕೌದಿಗಳನ್ನು ಕೂಗುವವರ ಬೆನ್ನ ಹಿಂದೆ ಮತ್ತು ಪಕ್ಕದಲ್ಲಿ ಹಗ್ಗಕ್ಕೆ ಇಳಿಬಿಡಿ, ಮತ್ತೊಂದನ್ನು ನೆಲಕ್ಕೆ ಹಾಸಿ. ಮೈಕ್ ಅಥವಾ ಮೊಬೈಲ್ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ಪಕಾರ, ಬಕಾರಗಳ ಉಸಿರು ಢಬ್ ಎನ್ನುತ್ತದೆ. ಫ್ಯಾನ್ ಆಫ್ ಮಾಡಲೇಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಇದನ್ನು ಹೇಳುವವನಿಗೆ ಬೈಗುಳ ಖಂಡಿತ, ಹಾಗಾಗಿ ಬೆಳಗಿನ ಜಾವವೇ ಮುಹೂರ್ತ. ವೇವ್ (.wav) ಫೈಲ್ ಆಗಿ ಉಳಿಸಿ. ಅತಿ ಜೋರಾದ ಕೂಗೂ ಮೀಟರ್‌ನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ.

ಕತ್ತರಿಸಿ ತಾಳಕ್ಕೆ ಕೂರಿಸುವುದು

ನಿಮಿಷಕ್ಕೆ 128 ಬಡಿತಗಳ ವೇಗದಲ್ಲಿ ಒಂದು ಬಡಿತ ಎಂದರೆ 469 ಮಿಲಿಸೆಕೆಂಡ್. ಅರ್ಧ ಬಡಿತ 234, ಕಾಲು ಬಡಿತ 117. ಗಟ್ಟಿಯಾಗಿ ಕೂಗಿದ ‘ಸೇಡಂ’ ಹೆಚ್ಚುಕಡಿಮೆ ಒಂದು ಬಡಿತದಲ್ಲಿ ಕೂರುತ್ತದೆ. ತುದಿಗಳನ್ನು ಅಲೆಯ ರೇಖೆ ಸೊನ್ನೆ ದಾಟುವ ಜಾಗದಲ್ಲಿ ಕತ್ತರಿಸಿ, ಎರಡೂ ಕಡೆ 5 ಮಿಲಿಸೆಕೆಂಡ್ ಫೇಡ್ (ಸದ್ದಿನ ಮೆಲ್ಲನೆಯ ಏರಿಳಿತ) ಕೊಡಿ. ಇಲ್ಲವಾದರೆ ಪ್ರತಿ ಸುತ್ತಿಗೂ ಟಿಕ್ ಎಂಬ ಸದ್ದು ಅಂಟಿಕೊಳ್ಳುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ತುಣುಕಿನ ಆರಂಭವನ್ನು ತಂತ್ರಾಂಶದಲ್ಲಿ ಬಡಿತ ತೋರಿಸುವ ಗ್ರಿಡ್‌ನ ಗೆರೆಗೆ ಸರಿಯಾಗಿ ಹೊಂದಿಸುತ್ತಾರೆ, ಆದರೂ ಧ್ವನಿ ತಾಳದ ಹಿಂದೆ ಎಳೆದಂತೆ ಕೇಳುತ್ತದೆ. ಕಾರಣ, ನಮ್ಮ ಕಿವಿ ಅಕ್ಷರದ ಪೆಟ್ಟನ್ನು ಗುರುತಿಸುವುದು ವ್ಯಂಜನ ಶುರುವಾದಲ್ಲಿ ಅಲ್ಲ, ಸ್ವರ ಶುರುವಾಗುವ ಹತ್ತಿರ. ‘ಸೇ’ಯಲ್ಲಿ ಸಕಾರದ ಹಿಸ್ 100 ಮಿಲಿಸೆಕೆಂಡ್‌ವರೆಗೂ ಇರಬಹುದು. ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ ಪೆಟ್ಟು) ಬೀಳುವ ಗೆರೆಗೆ ಏಕಾರವನ್ನು ಹೊಂದಿಸಿ, ಸಕಾರವನ್ನು ಗೆರೆಯ ಮುಂಚೆಯೇ ಬಿಡಿ. ಅದೇ ತುಣುಕು, ಅದೇ ಕಿಕ್, ಏಕಾಏಕಿ ಬಿಗಿಯಾಗುತ್ತದೆ. ‘ಚಿಂಚೋಳಿ’ಯಾದರೆ ಚಿಂ ಅನ್ನು ಅರ್ಧ ಬಡಿತ ಮುಂಚೆ, ಚೋ ಅನ್ನು ಬಡಿತದ ಮೇಲೆ ಇಡಿ.

ಶ್ರುತಿಯ ವಿಷಯ ಬೇಗ ಮುಗಿಸೋಣ. ಸಬ್ ಬೇಸ್‌ಗೆ, ಅಂದರೆ ಬೇಸ್‌ನ ತೀರಾ ಕೆಳಗಿನ ಭಾಗಕ್ಕೆ, ಪಾಶ್ಚಾತ್ಯ ಸಂಗೀತದ ಎಫ್‌ನಿಂದ ಎ ವರೆಗಿನ ಸ್ವರಗಳು ಅನುಕೂಲ. ಸುಮಾರು 44ರಿಂದ 55 ಹರ್ಟ್ಜ್. ಕೂಗಿನ ಉದ್ದ ಸ್ವರ ಯಾವ ಶ್ರುತಿಯಲ್ಲಿದೆ ನೋಡಿ, ಬೇಸ್ ಅನ್ನೇ ಅದಕ್ಕೆ ಹೊಂದಿಸುವುದು ಸುಲಭ. ಧ್ವನಿಯನ್ನು ಬಹಳ ಎಳೆದಾಡಿದರೆ ಕಾರ್ಟೂನ್ ಆಗುತ್ತದೆ.

ಜಾಗ ಬಿಡಿಸುವುದು

ಈ ಲೇಖನದ ಅಸಲು ಕೆಲಸ ಇರುವುದು ಇಲ್ಲಿ. ಮಾತಿನ ಮೂಲ ಕಂಪನ ಗಂಡಸರಲ್ಲಿ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್, ಹೆಂಗಸರಲ್ಲಿ 165ರಿಂದ 255. ಬೇಸ್‌ನ ಮೈ ಇರುವುದೂ ಅದೇ ಕಡೆ. ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ. ಒಬ್ಬರನ್ನು ಎಬ್ಬಿಸಲೇಬೇಕು, ಮತ್ತು ಎದ್ದೇಳಬೇಕಾದದ್ದು ಧ್ವನಿ. ಏಕೆಂದರೆ ಮಾತು ಅರ್ಥವಾಗಲು ಆ ಕೆಳಗಿನ ಭಾಗ ಬೇಕಾಗಿಯೇ ಇಲ್ಲ. ಹಳೆಯ ಲ್ಯಾಂಡ್‌ಲೈನ್ ಫೋನ್ ದಾಟಿಸುತ್ತಿದ್ದುದು 300ರಿಂದ 3,400 ಹರ್ಟ್ಜ್ ಮಾತ್ರ. ಮದುವೆ ಮಾತುಕತೆಯಿಂದ ಜಮೀನಿನ ಜಗಳದವರೆಗೆ ಎಲ್ಲವೂ ಅದರಲ್ಲೇ ನಡೆದುಹೋಯಿತು.

ಆದ್ದರಿಂದ ಧ್ವನಿಗೆ ಹೈಪಾಸ್ ಫಿಲ್ಟರ್ (ಮೇಲಿನ ಕಂಪನ ಮಾತ್ರ ಬಿಡುವ ಸೋಸುಕ) ಹಾಕಿ, 150ರಿಂದ 200 ಹರ್ಟ್ಜ್ ಕೆಳಗಿನದನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ಒಂಟಿಯಾಗಿ ಕೇಳಿದರೆ ಧ್ವನಿ ತೆಳುವಾಗಿ ಕೇಳುತ್ತದೆ, ಹೆದರಬೇಡಿ. ಬೇಸ್ ಜೊತೆ ಕೇಳಿ ತೀರ್ಮಾನಿಸಿ. ‘ಸೇಡಂ’ನ ಮೂಗಿನ ಗುಂಯ್ ಇದೆಯಲ್ಲ, 250–300 ಹರ್ಟ್ಜ್‌ನಲ್ಲಿ ಅದನ್ನು 3–4 ಡೆಸಿಬೆಲ್ ತಗ್ಗಿಸಿ. ಸಕಾರದ ಚುಚ್ಚು 5,000ದಿಂದ 8,000 ಹರ್ಟ್ಜ್ ನಡುವಿನದು. ಒಂದು ಸಲವಾದರೆ ಸಹಿಸಬಹುದು, ನೂರು ಸಲ ಚುಚ್ಚಿದರೆ ಕೇಳುಗ ಎದ್ದು ಹೋಗುತ್ತಾನೆ. ಅಲ್ಲಿ ಸಕಾರದ ಚುಚ್ಚನ್ನಷ್ಟೇ ತಗ್ಗಿಸುವ ಡಿ-ಎಸ್ಸರ್ ಬಳಸಿ.

ಮುಂದಿನದು ಬೇರೆ ವಾದ್ಯಗಳ ಸರದಿ. ವ್ಯಂಜನಗಳ ಸ್ಪಷ್ಟತೆ 2,000ದಿಂದ 4,000 ಹರ್ಟ್ಜ್ ಸುತ್ತ ಇರುತ್ತದೆ. ಇಂದಿನ ಗುರಗುಟ್ಟುವ ಬೇಸ್‌ಗಳ ಕರಕರ ಸದ್ದೂ, ಸಿಂಥ್‌ಗಳೂ ಅಲ್ಲಿಯೇ ಗುಂಪುಗಟ್ಟಿರುತ್ತವೆ. ಅವುಗಳಲ್ಲಿ ಆ ಪಟ್ಟಿಯನ್ನು 2–3 ಡೆಸಿಬೆಲ್ ಇಳಿಸಿ ನೋಡಿ. ಧ್ವನಿಯ ಫೇಡರ್ ಮುಟ್ಟದೆಯೇ ಮಾತು ಮುಂದೆ ಬಂದು ನಿಲ್ಲುತ್ತದೆ.

ಸೈಡ್‌ಚೈನ್ ಕಂಪ್ರೆಸರ್ (ಒಂದು ಸದ್ದು ಬಂದಾಗ ಇನ್ನೊಂದನ್ನು ತಗ್ಗಿಸುವುದು) ಬಳಸುವವರು ಎರಡು ಕಡೆ ಹಾಕಿ. ಕಿಕ್ ಬಿದ್ದಾಗ ಬೇಸ್ ತಗ್ಗಲಿ. ಧ್ವನಿ ಬಂದಾಗ ಸಿಂಥ್ ಮತ್ತು ಬೇಸ್‌ನ ಮೇಲ್ಭಾಗ 2ರಿಂದ 4 ಡೆಸಿಬೆಲ್ ತಗ್ಗಲಿ. ಸಬ್ ಬೇಸ್ ಅನ್ನು ಧ್ವನಿಗಾಗಿ ತಗ್ಗಿಸಬೇಡಿ, ಕುಣಿಯುವವರ ಕಾಲು ತಪ್ಪುತ್ತದೆ. ರಿಲೀಸ್ (ತಗ್ಗಿದ ಸದ್ದು ಮರಳಿ ಏರುವ ಹೊತ್ತು) 100–150 ಮಿಲಿಸೆಕೆಂಡ್‌ನಿಂದ ಶುರುಮಾಡಿ ಕಿವಿಯಿಂದ ಹೊಂದಿಸಿ.

ರಿವರ್ಬ್ (ಕೋಣೆಯ ಗುಂಗಿನಂಥ ಪ್ರತಿಧ್ವನಿ) ಮಿತವಾಗಿರಲಿ, ಅದರ ಮೇಲೂ 300 ಹರ್ಟ್ಜ್‌ನ ಹೈಪಾಸ್ ಇರಲಿ. ಬೀದಿಯಲ್ಲಿ ಎರಡೂ ಬದಿಯ ಕಟ್ಟಡಗಳೇ ಬೇಕಾದಷ್ಟು ರಿವರ್ಬ್ ಕೊಡುತ್ತವೆ. ಅದರ ಬದಲು ಅರ್ಧ ಅಥವಾ ಮುಕ್ಕಾಲು ಬಡಿತದ, ಅಂದರೆ 234 ಅಥವಾ 352 ಮಿಲಿಸೆಕೆಂಡ್ ಡಿಲೇ (ತಡವಾಗಿ ಮರಳುವ ನಕಲು) ತಾಳಕ್ಕೆ ಹೊಂದಿ ಕೇಳುತ್ತದೆ.

ಬೇಸರ ಬಾರದ ಹಾಗೆ

ಪ್ರತಿ ಬಡಿತಕ್ಕೂ ಒಂದು ‘ಸೇಡಂ’ ಇಟ್ಟರೆ ನಾಲ್ಕು ಬಡಿತಗಳ ಎಂಟು ಬಾರ್‌ಗಳಲ್ಲಿ, ಅಂದರೆ 15 ಸೆಕೆಂಡುಗಳಲ್ಲಿ, 32 ಸೇಡಂ ಆಗುತ್ತವೆ. ಬಸ್ ತುಂಬುವವರೆಗೆ ಕೂಗುವವರಿಗೂ ಇಷ್ಟು ಛಲವಿರುವುದಿಲ್ಲ. ಅವರನ್ನೇ ಗಮನಿಸಿ: ಎರಡು ಸಲ ಚುಟುಕಾಗಿ, ಮೂರನೆಯದು ಎಳೆದು, ಆಮೇಲೆ ಉಸಿರಿಗೆ ಒಂದು ಬಿಡುವು. ಆ ಬಿಡುವನ್ನು ಹಾಗೆಯೇ ಉಳಿಸಿಕೊಳ್ಳಿ. ನಾಲ್ಕನೇ ಬಾರ್‌ನ ಕೊನೆಯ ಕೂಗು ಕಿತ್ತುಹಾಕಿ. ಎಂಟನೆಯದರಲ್ಲಿ ಒಂದನ್ನು ಒಂದು ಸ್ಥಾಯಿ ಕೆಳಗಿಳಿಸಿ. ಮೇಲಿನ ಕಂಪನ ತಡೆಯುವ ಲೋಪಾಸ್ ಫಿಲ್ಟರ್ ಅನ್ನು 16 ಬಾರ್‌ಗಳುದ್ದಕ್ಕೂ ಮೆಲ್ಲಗೆ ತೆರೆಯುತ್ತ ಬನ್ನಿ. ಮೊದಲು ಗೋಡೆಯಾಚೆಯಿಂದ ಕೇಳಿದ ಧ್ವನಿ ಕೊನೆಗೆ ಎದುರಿಗೆ ಬರುತ್ತದೆ. ಬೇಸ್ ಪೂರ್ತಿ ಬಂದು ಬೀಳುವ ಡ್ರಾಪ್‌ಗೆ ಮುಂಚೆ ಒಂದು ಬಡಿತ ಎಲ್ಲವನ್ನೂ ನಿಲ್ಲಿಸಿ, ಧ್ವನಿಯೊಂದನ್ನೇ ಬಿಡಿ. ಇವೆಲ್ಲವನ್ನೂ ಒಂದೇ ಟ್ರ್ಯಾಕ್‌ನಲ್ಲಿ ತುರುಕಬೇಕಾಗಿಲ್ಲ, ಇವುಗಳಲ್ಲಿ ಎರಡು ಉಪಾಯ ಸಾಕು.

ಕೇಳಿ ನೋಡುವುದು

ಮೊದಲು ತೀರಾ ಸಣ್ಣ ಸದ್ದಿನಲ್ಲಿ ಕೇಳಿ. ಸದ್ದು ಕಡಿಮೆಯಾದಂತೆ ಕಿವಿಗೆ ಬೇಸ್ ಬೇಗ ಮರೆಯಾಗುತ್ತದೆ ಎಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಾಗಾಗಿ ಸಣ್ಣ ಸದ್ದಿನಲ್ಲಿ ಮಾತು ಕೂಗಾಡದೆ ಸ್ಪಷ್ಟವಾಗಿ ಕೇಳಿದರೆ ಅರ್ಧ ಗೆದ್ದಂತೆ. ಬಳಿಕ ಎಡಬಲದ ಸದ್ದನ್ನು ಒಂದಾಗಿಸುವ ಮೋನೊ ಗುಂಡಿ ಒತ್ತಿ ಕೇಳಿ. ಮೆರವಣಿಗೆಯ ಸ್ಪೀಕರ್‌ಗಳು ಎಷ್ಟೋ ಸಲ ಮೋನೊದಲ್ಲೇ ಓಡುತ್ತವೆ, ಎಡಬಲ ಹರಡಿದ ಧ್ವನಿ ಅಲ್ಲಿ ಮಾಯವಾಗಬಹುದು. ಮೂಲ ಧ್ವನಿ ಯಾವಾಗಲೂ ನಡುವೆ ಇರಲಿ, ನಕಲುಗಳನ್ನು ಮಾತ್ರ ಪಕ್ಕಕ್ಕೆ ತಳ್ಳಿ. ಮೊಬೈಲ್ ಸ್ಪೀಕರ್‌ನಲ್ಲಿ ಬೇಸ್ ಪೂರ್ತಿ ಇಲ್ಲವಾದರೆ ಬೇಸ್‌ಗೆ ತುಸು ಸ್ಯಾಚುರೇಷನ್ (ಸದ್ದನ್ನು ಹದವಾಗಿ ಒಡೆಯುವುದು) ಕೊಡಿ. ಮೂಲ ಕಂಪನದ ಎರಡು, ಮೂರು ಪಟ್ಟಿನ ಮೇಲಿನ ಕಂಪನಗಳು ಸಿಕ್ಕರೆ ಕಿವಿ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ.

ಜೋರಾಗಿ ಕೇಳುವುದು ಕೊನೆಯಲ್ಲಿ, ಸ್ವಲ್ಪ ಹೊತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಅನ್ನು ಕಿವಿ ದಿನಕ್ಕೆ 8 ಗಂಟೆ ತಾಳಿಕೊಂಡರೆ, 100 ಡೆಸಿಬೆಲ್‌ಗೆ ಮಿತಿ 15 ನಿಮಿಷ. ಕಿವಿ ದಣಿದ ಮೇಲೆ ಮಾಡಿದ ಮಿಕ್ಸ್ ಮರುದಿನ ನಿಮಗೇ ಹಿಡಿಸುವುದಿಲ್ಲ. ನೆರೆಯವರ ಮಾತೂ ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಮೆರವಣಿಗೆಯವರು ಇದನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಬೇರೆ ಮಾತು. ನಿಮ್ಮ ಕೋಣೆಯಲ್ಲಿ ನೀವು ಪಾಲಿಸಬಹುದು.

ಡಿಜೆ ಕೈಗೆ ಕೊಡುವಾಗ ವೇವ್ ಫೈಲ್ ಅನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ, ಹೆಸರಿನಲ್ಲೇ ವೇಗ ಮತ್ತು ಶ್ರುತಿ ಬರೆಯಿರಿ. ಜೊತೆಗೆ ಧ್ವನಿಯಿಲ್ಲದ ಇನ್ನೊಂದು ಪ್ರತಿಯನ್ನೂ ಸೇರಿಸಿ. ಗಾಡಿಯ ಮೇಲೆ ಮೈಕ್ ಹಿಡಿದು ದೇಣಿಗೆ ಕೊಟ್ಟವರ ಹೆಸರು ಓದುವವರು ಒಬ್ಬರು ಇದ್ದೇ ಇರುತ್ತಾರೆ, ಅವರು ಬಾಯಿ ತೆರೆದ ಕೂಡಲೇ ಡಿಜೆಗೆ ಬೇಕಾಗುವುದು ಅದೇ ಪ್ರತಿ.