ಸಣ್ಣ ಪಿಸಿಯ ಎಸ್‌ಎಂಪಿಎಸ್ ಗೊರಗುಟ್ಟುತ್ತಿದೆಯೇ? ಸ್ಕೇಲು ಹಿಡಿದು ಅಂಗಡಿಗೆ ಹೋಗಿ

ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಘಟಕ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ‘450 ವ್ಯಾಟಿನ ಎಸ್‌ಎಂಪಿಎಸ್ ಕೊಡಿ’ ಎಂದರೆ ಕೊಡುತ್ತಾರೆ. ಮನೆಗೆ ತಂದ ಮೇಲೆ ಗೊತ್ತಾಗುತ್ತದೆ, ಅದು ಪೆಟ್ಟಿಗೆಯೊಳಗೆ ಕೂರುವುದೇ ಇಲ್ಲ ಎಂದು. ದೊಡ್ಡ ಟವರ್ ಪಿಸಿಗಾದರೆ ವ್ಯಾಟ್ ಕೇಳಿ ತಂದರೂ ನಡೆಯುತ್ತದೆ. ಸಣ್ಣ ಡೆಸ್ಕ್‌ಟಾಪಿಗೆ ಮೊದಲು ಅಳತೆ, ಆಮೇಲೆ ಪಿನ್ನು, ವ್ಯಾಟ್ ಕೊನೆಗೆ.

ಸದ್ದು ಯಾರದು?

ಹಳೆ ಕ್ಯಾಲೆಂಡರ್ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ಪಿಸಿಯ ಹಿಂಬದಿಯ ಜಾಲರಿಗೆ ಹಿಡಿಯಿರಿ. ಗೊರಗೊರ ಅಲ್ಲೇ ಜೋರಾದರೆ ಎಸ್‌ಎಂಪಿಎಸ್ ಫ್ಯಾನಿನ ಬೇರಿಂಗ್ ಸವೆದಿದೆ. ಟಕ್ ಟಕ್ ಎಂದರೆ ಹಾರ್ಡ್‌ಡಿಸ್ಕು. ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಸೊಳ್ಳೆಯಂತೆ ಕುಂಯ್‌ಗುಡುತ್ತ, ಪರದೆಯಲ್ಲಿ ಪುಟ ಸರಿಸಿದಂತೆಲ್ಲ ಏರಿಳಿದರೆ ಅದು ಕಾಯಿಲ್ (ತಂತಿ ಸುರುಳಿ) ಕಂಪಿಸುವ ಸದ್ದು, ಮದರ್‌ಬೋರ್ಡಿನದ್ದೂ ಆಗಿರಬಹುದು. ಬರೀ ಗಾಳಿಯ ಭರಾಟೆಯಾದರೆ ಧೂಳು ಕಟ್ಟಿದೆ. ಪ್ಲಗ್ ಕಿತ್ತು, ಜಾಲರಿಯಲ್ಲಿ ಐಸ್‌ಕ್ರೀಂ ಕಡ್ಡಿ ತೂರಿಸಿ ಫ್ಯಾನು ತಿರುಗದಂತೆ ಹಿಡಿದು ಬ್ಲೋಯರ್ ಹೊಡೆಯಿರಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡುವ ಉಪಾಯ ಬೇಡ. ನಾಲ್ಕು ದಿನ ಸುಮ್ಮನಿರುತ್ತದೆ, ಆಮೇಲೆ ಧೂಳು ಜಿಡ್ಡಾಗಿ ಮತ್ತೆ ಅರಚುತ್ತದೆ. ಫ್ಯಾನು ಬದಲಿಸಲೆಂದು ಎಸ್‌ಎಂಪಿಎಸ್ ಕವಚ ಬಿಚ್ಚುವುದೂ ಬೇಡ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್ ಮೀರಿದ ಚಾರ್ಜು ಹಿಡಿದಿರುತ್ತದೆ, ಪ್ಲಗ್ ಕಿತ್ತ ಕೂಡಲೇ ಅದು ಖಾಲಿಯಾಗುತ್ತದೆಂದು ನಂಬಬೇಡಿ.

ಅಳತೆ, ಪಿನ್ನು, ವ್ಯಾಟ್

ಎಲ್ಲರೂ ಎಡವುವುದು ಇಲ್ಲೇ. ಹಳೆಯದರ ಅಗಲ, ಎತ್ತರ, ಉದ್ದವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಪ್ರತಿ ಅಳತೆಗೂ ಒಂದು ಹೆಸರಿದೆ, ಅಂಗಡಿಯಲ್ಲಿ ಆ ಹೆಸರು ಹೇಳಿ. 85×65×175 ಆಸುಪಾಸು ಬಂದರೆ ಟಿಎಫ್‌ಎಕ್ಸ್. 125×63.5×100 ಆದರೆ ಎಸ್‌ಎಫ್‌ಎಕ್ಸ್. ಇದರ ಅಣ್ಣ ಎಸ್‌ಎಫ್‌ಎಕ್ಸ್-ಎಲ್ ಉದ್ದ 130, ಆ 30 ಮಿ.ಮೀ.ಗೆ ಜಾಗವಿಲ್ಲದೆ ವಾಪಸ್ ಬರುವವರು ಬಹಳ. 81.5×40.5×150 ಎಂದರೆ ಫ್ಲೆಕ್ಸ್ ಎಟಿಎಕ್ಸ್. ಇದರ ಫ್ಯಾನು ಕೇವಲ 40 ಮಿ.ಮೀ., ಗಾಳಿ ತಳ್ಳಲು ಸಿಕ್ಕಾಪಟ್ಟೆ ವೇಗವಾಗಿ ತಿರುಗಲೇಬೇಕು. ಹೊಸದು ತಂದರೂ ಲೋಡ್ ಬಿದ್ದಾಗ ಪೂರ್ತಿ ಮೌನ ನಿರೀಕ್ಷಿಸಬೇಡಿ. ಎಸ್‌ಎಫ್‌ಎಕ್ಸ್ ಹಿಡಿಸುವ ಪೆಟ್ಟಿಗೆಯಾದರೆ 92 ಮಿ.ಮೀ. ಫ್ಯಾನಿನದ್ದನ್ನೇ ಕೇಳಿ ತನ್ನಿ.

ಇನ್ನು ಪಿನ್ನು. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಎಷ್ಟೋ ಸಣ್ಣ ಆಫೀಸ್ ಮಾದರಿಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಮುಖ್ಯ ಕನೆಕ್ಟರ್ 24 ಪಿನ್ನಿನದ್ದಲ್ಲ. 6, 8, 10, 14 ಹೀಗೆ ಅವರವರದೇ ಲೆಕ್ಕ. ಇಂಥದಕ್ಕೆ ಹಳೆಯದರ ಲೇಬಲಿನ ಪಾರ್ಟ್ ನಂಬರ್ ತೋರಿಸಿ ಅದನ್ನೇ ತರುವುದು ಒಳ್ಳೆಯದು. ಫೋಟೊ ಸಾಲದು, ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಿ.

ವ್ಯಾಟ್ ವಿಷಯಕ್ಕೆ ಡಬ್ಬದ ಮೇಲಿನ ದಪ್ಪ ಅಂಕಿ ನೋಡಬೇಡಿ, ಲೇಬಲಿನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪ್ ಇದೆ ನೋಡಿ. ಮೇಲೆ 450 ಎಂದು ಅಚ್ಚಾಗಿದ್ದು ಅಲ್ಲಿ 16 ಆಂಪ್ ಇದ್ದರೆ ನಿಮಗೆ ಆ ಲೈನಿನಲ್ಲಿ ದಕ್ಕುವುದು 192 ವ್ಯಾಟ್. ಗ್ರಾಫಿಕ್ಸ್ ಕಾರ್ಡಿಲ್ಲದ ಆಫೀಸ್ ಪಿಸಿಗೆ 12 ವೋಲ್ಟಿನಲ್ಲಿ 20–25 ಆಂಪ್ ಕೊಡುವ 300 ವ್ಯಾಟಿನದು ಧಾರಾಳ.

ಬಿಚ್ಚುವುದು

ಪ್ಲಗ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ನಾಲ್ಕು ಫೋಟೊ ತೆಗೆಯಿರಿ. 24 ಪಿನ್ನಿನ ಕನೆಕ್ಟರ್ ಸಾಮಾನ್ಯವಾಗಿ ಡಿವಿಡಿ ಡ್ರೈವಿನ ಅಡಿಯಲ್ಲೇ ಅಡಗಿರುತ್ತದೆ. ಡ್ರೈವಿನ ತಟ್ಟೆ ಮೊದಲು ತೆಗೆಯಿರಿ, ಬೆರಳು ತುರುಕಿ ಗುದ್ದಾಡಬೇಡಿ. ಹೆಬ್ಬೆರಳಿನಿಂದ ಕೊಕ್ಕೆ ಒತ್ತಿ, ಎಡಕ್ಕೆ ಬಲಕ್ಕೆ ಅಲುಗಿಸುತ್ತ ಎತ್ತಿ. ಇನ್ನೊಂದು ಕೈ ಮದರ್‌ಬೋರ್ಡಿನ ಅಂಚು ಹಿಡಿದಿರಲಿ, ಇಲ್ಲದಿದ್ದರೆ ಬೋರ್ಡು ಬಾಗುತ್ತದೆ. ಹಾರ್ಡ್‌ಡಿಸ್ಕು, ಡಿವಿಡಿ ಡ್ರೈವಿಗೆ ಹೋಗುವ ಚಪ್ಪಟೆ ಸಾಟಾ ಪ್ಲಗ್ಗನ್ನು ನೇರ ಎಳೆಯಿರಿ. ಓರೆ ಎಳೆದರೆ ಡ್ರೈವಿನ ಪ್ಲಾಸ್ಟಿಕ್ ನಾಲಗೆ ಮುರಿಯುತ್ತದೆ. ಎಸ್‌ಎಂಪಿಎಸ್ ತಿರುಪುಗಳನ್ನು ಬೇರೆ ಬಟ್ಟಲಿನಲ್ಲಿಡಿ; ಅವುಗಳ ಮೈಮೇಲಿನ ಸುರುಳಿ ಗೀರು ದಪ್ಪ, ಡಿವಿಡಿ ಡ್ರೈವಿನ ಸಣ್ಣ ತಿರುಪು ಅಲ್ಲಿ ಹಾಕಿದರೆ ಸಡಿಲವಾಗಿ ಉಳಿದು ಕಂಪನದ ಸದ್ದು ಕೊಡುತ್ತದೆ.

ಜೋಡಿಸುವುದು

ಹೊಸದರ ವೈರುಗಳನ್ನು ಕಳಚುವಂತಿದ್ದರೆ, ಡಬ್ಬದಲ್ಲಿ ಬಂದ ವೈರುಗಳನ್ನೇ ಬಳಸಿ. ಹಳೆಯ ವೈರು ತೂರಿತಲ್ಲ ಎಂದು ಬಿಟ್ಟರೆ ಡ್ರೈವುಗಳು ಸುಡಬಹುದು, ಏಕೆಂದರೆ ಎಸ್‌ಎಂಪಿಎಸ್ ಬದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

ಫ್ಯಾನಿನ ಮುಖ ಪೆಟ್ಟಿಗೆಯ ಜಾಲರಿ ಕಡೆ ಇರಬೇಕು. ಮುಚ್ಚಿದ ತಗಡಿಗೆ ಮುಖ ಮಾಡಿದರೆ ಉಸಿರು ಕಟ್ಟಿ ಹೊಸದೂ ಅರಚುತ್ತದೆ. ಪ್ರೊಸೆಸರ್ ಪ್ಲಗ್ ನಾಲ್ಕು ಮತ್ತು ನಾಲ್ಕು ಪಿನ್ನುಗಳಾಗಿ ಸೀಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ. ಬಣ್ಣದ ವೈರಾದರೆ ಪ್ರೊಸೆಸರ್ ಪ್ಲಗ್ಗಿನ ಕೊಕ್ಕೆಯ ಬದಿ ಹಳದಿ, ಗ್ರಾಫಿಕ್ಸ್ ಪ್ಲಗ್ಗಿನ ಕೊಕ್ಕೆಯ ಬದಿ ಕಪ್ಪು. ಬಲವಂತವಾಗಿ ಅದಲುಬದಲು ಮಾಡಿದವರಿಗೆ ಬೋರ್ಡೇ ಹೋಗುತ್ತದೆ. ‘ಟಕ್’ ಎಂದು ಕೊಕ್ಕೆ ಬೀಳುವವರೆಗೆ ಒತ್ತಿ. ಅರ್ಧ ಕೂತ ಕನೆಕ್ಟರ್ ಬಿಸಿಯಾಗಿ ಕಂದುತ್ತದೆ. ಸಾಟಾ ಸಾಲದೆಂದು ಅಂಗಡಿಯವರು ಕೊಡುವ, ವೈರಿನ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಮೊಲೆಕ್ಸ್ (ಹಳೆ ನಾಲ್ಕು ಪಿನ್ನಿನ ಪ್ಲಗ್) ಅನ್ನು ಸಾಟಾ ಮಾಡುವ ಅಗ್ಗದ ಅಡಾಪ್ಟರ್ ಬೇಡ. ಹೊತ್ತಿಕೊಳ್ಳುವ ಪೈಕಿ ಅದು.

ಮಿಕ್ಕ ವೈರುಗಳನ್ನು ವೆಲ್ಕ್ರೊ ಪಟ್ಟಿಯಲ್ಲಿ ಕಟ್ಟಿ ಡಿವಿಡಿ ಡ್ರೈವಿನ ಜಾಗದ ಕಡೆ ತಳ್ಳಿ. ಮುಚ್ಚಳ ಹಾಕುವ ಮುನ್ನ ಪ್ರೊಸೆಸರ್ ಫ್ಯಾನನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ‘ಹೊಸ ಎಸ್‌ಎಂಪಿಎಸ್ಸೂ ಸದ್ದು ಮಾಡುತ್ತದೆ’ ಎಂಬ ಎಷ್ಟೋ ದೂರುಗಳ ಮೂಲ ಆ ಫ್ಯಾನಿಗೆ ತಗಲುವ ಒಂದು ವೈರು.

ಚಾಲೂ ಮಾಡುವುದು

ಎಸ್‌ಎಂಪಿಎಸ್ ಫ್ಯಾನು ತಿರುಗಲಿಲ್ಲವೆಂದು ಗಾಬರಿ ಬೇಡ. ಲೋಡ್ ಕಡಿಮೆಯಿದ್ದಾಗ ಫ್ಯಾನು ನಿಲ್ಲಿಸುವ ಮಾದರಿಗಳಿವೆ. ಮಲ್ಟಿಮೀಟರ್ ಇದ್ದರೆ ಹಳದಿ ವೈರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಬರಬೇಕು. ಯುಪಿಎಸ್ ಇದ್ದರೆ ಇನ್ನೊಂದು ಪರೀಕ್ಷೆ: ಕಡತಗಳನ್ನೆಲ್ಲ ಉಳಿಸಿ, ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕೀಳಿ. ಹೊಸ ಎಸ್‌ಎಂಪಿಎಸ್ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮನಾಗಿ ಸೆಳೆಯುವ ಸರ್ಕ್ಯೂಟ್) ಇರುವುದಾಗಿದ್ದು, ಯುಪಿಎಸ್ ಅಗ್ಗದ್ದಾದರೆ, ಆ ಕ್ಷಣಕ್ಕೆ ಪಿಸಿ ಆರಿಹೋಗುವುದುಂಟು. ಆರಿದರೆ ಬಿಲ್ಲು, ಡಬ್ಬ ಎರಡೂ ಹಿಡಿದು ಅದೇ ವಾರ ಅಂಗಡಿಗೆ ಹೋಗಿ.