ಗೋಡೆಗೆ ಬೆನ್ನು, ಬಾಗಿಲ ಮೇಲೆ ಕಣ್ಣು

ಯುದ್ಧದಿಂದ ವಾಪಸ್ ಬಂದಾಗ ನನ್ನ ಎಡಗಿವಿ ಅರ್ಧ ಹೋಗಿತ್ತು. ಫಿರಂಗಿ ಪಕ್ಕ ನಿಂತವರಿಗೆ ಇದು ಮಾಮೂಲು. ಕಿವಿಯೊಳಗೆ ಸದಾ ಗುಂಯ್ ಅನ್ನುವ ಸದ್ದು. ಇಂಥವನು ಗಲಾಟೆಯ ಬಾರ್ ಯಾಕೆ ತೆರೆದ ಅಂತ ಮನೆಯವರಿಗೆ ಅರ್ಥವಾಗಲಿಲ್ಲ. ಸುತ್ತ ಸದ್ದಿಲ್ಲದಿದ್ದರೆ ಆ ಗುಂಯ್ ಜಾಸ್ತಿ ಕೇಳುತ್ತದೆ, ಅದಕ್ಕೇ.

ಮೊದಲ ವರ್ಷ ನಾನು ಬಾರ್ ನಡೆಸಲಿಲ್ಲ, ಪಹರೆ ಕಾದೆ. ಗೋಡೆಗೆ ಬೆನ್ನು, ಬಾಗಿಲ ಮೇಲೆ ಕಣ್ಣು. ಒಂದು ರಾತ್ರಿ ಯಾರದೋ ಗ್ಲಾಸ್ ಒಡೆಯಿತು. ನಾನು ಕೌಂಟರ್ ಕೆಳಗೆ. ಮೇಲೆದ್ದಾಗ ಎಲ್ಲರೂ ಸುಮ್ಮನಾಗಿದ್ದರು. ಮೂಲೆ ಮೇಜಿನ ಅಜ್ಜ, "ಏನೋ ಬಿದ್ದಿತ್ತಲ್ಲ, ಸಿಕ್ತೇನಪ್ಪಾ?" ಅಂದರು. "ಸಿಕ್ತು ಅಜ್ಜ" ಅಂದೆ. ಆಮೇಲೆ ಗ್ಲಾಸ್ ಒಡೆದಾಗಲೆಲ್ಲ ಯಾರಾದರೊಬ್ಬರು "ಗ್ಲಾಸು, ಬರೀ ಗ್ಲಾಸು" ಅಂತ ಕೂಗುತ್ತಿದ್ದರು. ಅದೂ ನನ್ನ ಬಲಗಿವಿಯ ಕಡೆಗೆ.

ಕೆಲಸದ ವಿಷಯದಲ್ಲಿ ಸೈನ್ಯದ ಶಿಸ್ತು ಕೈ ಹಿಡಿಯಿತು. ಬಿಯರ್ ಪೈಪನ್ನು ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಪೀಪಾಯಿ 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಬೆಚ್ಚಗಾದರೆ ಗ್ಲಾಸ್ ತುಂಬ ಬರೀ ನೊರೆ. ಗ್ಲಾಸಿಗೆ ಜಿಡ್ಡು ಅಂಟಿದ್ದರೆ ಇದ್ದ ನೊರೆಯೂ ನಿಲ್ಲುವುದಿಲ್ಲ. ಬಾಟಲಿ ಎತ್ತಿ ಅಂದಾಜಿಗೆ ಸುರಿಯುವುದು ನೋಡಲು ಚೆಂದ, ಗಲ್ಲಾಪೆಟ್ಟಿಗೆಗೆ ಕೇಡು. ನಾನು ಸ್ನೇಹಿತರಿಗೂ ಅಳೆದೇ ಕೊಡುತ್ತಿದ್ದೆ.

ಕಷ್ಟದ್ದು ಅಂದರೆ "ಸಾಕು" ಅನ್ನುವುದು. ದೇಹ ಒಂದು ಪೆಗ್ ಕರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ ಕುಡಿಸಿದರೂ, ತಲೆಗೆ ತಣ್ಣೀರು ಹಾಕಿದರೂ ಅದು ಬೇಗ ಆಗುವುದಿಲ್ಲ. ನಾಲ್ಕು ಜನರ ಮುಂದೆ ಬೇಡ ಅಂದರೆ ಜಗಳ ಗ್ಯಾರಂಟಿ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬೇಕು.

ನನ್ನಂಥ ಮಾಜಿ ಸೈನಿಕರು ಬಂದಾಗ ಇದು ಇನ್ನೂ ಕಷ್ಟ. ಅವರು ನಿದ್ದೆಗೋಸ್ಕರ ಕುಡಿಯುತ್ತಾರೆ. ನಿದ್ದೆ ಬೇಗ ಬರುತ್ತದೆ ನಿಜ, ನಡುರಾತ್ರಿ ಮೇಲೆ ಚೂರುಚೂರಾಗುತ್ತದೆ. ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದನ್ನೇ ಮಾಡಿದವನು. ಮೂರನೇ ವರ್ಷ ಬಿಟ್ಟೆ. ಆಮೇಲೆ ನನ್ನ ಗ್ಲಾಸಿನಲ್ಲಿ ಇದ್ದದ್ದು ಸೋಡಾ. ಕಾಯಂ ಗಿರಾಕಿಗಳಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಒಂದು ತಪ್ಪು ಮಾತ್ರ ಈಗಲೂ ಚುಚ್ಚುತ್ತದೆ. ಹಳೇ ಜೊತೆಗಾರನ ಹತ್ತಿರ ಗಾಡಿ ಕೀ ಕೇಳಲು ಸಂಕೋಚಪಟ್ಟೆ. ಅವನು ಹೋಗಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡ. ಮಾರನೇ ದಿನವೇ ಹಳೇ ಮದ್ದುಗುಂಡಿನ ಡಬ್ಬಿಯೊಂದನ್ನು ಕೌಂಟರ್ ಮೇಲಿಟ್ಟೆ. ಬಂದವರು ಮೊದಲು ಅದರೊಳಗೆ ಕೀ ಹಾಕಬೇಕು, ಗ್ಲಾಸ್ ಆಮೇಲೆ. ಮೊದಮೊದಲು ಗೊಣಗಿದರು. ನಂತರ ಹೊಸಬರು ಬಂದರೆ ಅವರೇ ಡಬ್ಬಿ ತೋರಿಸುತ್ತಿದ್ದರು.

ಮಂಡಿನೋವು ಜಾಸ್ತಿಯಾಗಿ ಬಾರ್ ಮಾರಿದಾಗ ಡಬ್ಬಿಯ ತಳದಲ್ಲಿ ಎರಡು ಕೀ ಉಳಿದಿದ್ದವು. ಯಾರವು ಅಂತ ಗೊತ್ತಾಗಲಿಲ್ಲ. ಡಬ್ಬಿ ಸಮೇತ ಹೊಸ ಮಾಲೀಕನ ಕೈಗೆ ಕೊಟ್ಟು ಬಂದೆ.